ತಂತಿಯಿಲ್ಲದ ನಂಟು

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಕೃಷ್ಣರಾಜಪುರಕ್ಕೆ ಸಮೀಪವಾಗಿ, ದೂರವಾಣಿನಗರವೆಂಬ ಬಡಾವಣೆಯುಂಟು. ಯಂತ್ರವೊಂದರ ಹೆಸರನ್ನು ಹೊತ್ತ ಬಡಾವಣೆಗಳು ನಮ್ಮ ನಾಡಿನಲ್ಲಿ ಹೆಚ್ಚಾಗಿಲ್ಲ. ದೇಶವು ಸ್ವತಂತ್ರವಾದ ಮರುವರ್ಷ, ಎಂದರೆ 1948ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಸರಕಾರಿ ಉದ್ಯಮವು ಇಲ್ಲಿ ನೆಲೆಗೊಂಡಿತು. ಜನರು ಅದನ್ನು ಐ.ಟಿ.ಐ. ಎಂದು ಕರೆಯುತ್ತಾರೆ. ಬೆರಳಿನಿಂದ ತಿರುಗಿಸುವ ಡಯಲು ಇದ್ದ ದೂರವಾಣಿಗಳೂ, ಕರೆಗಳನ್ನು ಒಂದರಿಂದ ಇನ್ನೊಂದಕ್ಕೆ ಜೋಡಿಸುವ ವಿನಿಮಯ ಕೇಂದ್ರಗಳ ಯಂತ್ರಗಳೂ ಇಲ್ಲಿ ತಯಾರಾಗಿ ದೇಶದ ಮೂಲೆಮೂಲೆಗೆ ಹೋದವು. ಆ ಕಾಲದ ದೂರವಾಣಿಯನ್ನು ಬಳಸಿದವರಿಗೆ ಅದರ ಎರಡು ಸಂಗತಿಗಳು ಇಂದಿಗೂ ನೆನಪಿವೆ. ಒಂದು ಅದರ ಭಾರ; ಇನ್ನೊಂದು, ಕಿವಿಗಿಡುವ ಹಿಡಿಯನ್ನು ಪೆಟ್ಟಿಗೆಗೆ ಬಿಗಿದಿದ್ದ ತಂತಿ. ಮಾತನಾಡುವವನು ಆ ತಂತಿಯ ಉದ್ದವನ್ನು ಮೀರಿ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ.

ಇಂದು ಕೃಷ್ಣರಾಜಪುರದಲ್ಲಿ ಮೆಟ್ರೋ ರೈಲನ್ನು ಹತ್ತಿ, ಬೈಯಪ್ಪನಹಳ್ಳಿ, ಇಂದಿರಾನಗರಗಳನ್ನು ದಾಟಿ ಹಲಸೂರಿಗೆ ಬರುವಷ್ಟರಲ್ಲಿ, ಡಬ್ಬಿಯೊಳಗಿನ ಕಿವಿಗಳನ್ನು ಒಮ್ಮೆ ಗಮನಿಸಿರಿ. ಕಡಲೆಬೀಜದ ಗಾತ್ರದ ಬಿಳಿಯ ಗುಂಡಿಗಳು ಕೆಲವರ ಕಿವಿಯಲ್ಲಿವೆ. ಕೆಲವರು ತಲೆಯನ್ನು ಬಳಸಿ ನಿಂತ ದೊಡ್ಡ ಹೆಡ್‌ಫೋನನ್ನು ಧರಿಸಿದ್ದಾರೆ. ಎಲ್ಲಿಯೂ ತಂತಿ ಕಾಣದು. ಒಂದೇ ಡಬ್ಬಿಯಲ್ಲಿ ಐವತ್ತು ಮಂದಿ ಐವತ್ತು ಬಗೆಯ ಮಾತನ್ನೂ ಸಂಗೀತವನ್ನೂ ಕೇಳುತ್ತಿದ್ದಾರೆ. ಒಬ್ಬರದು ಇನ್ನೊಬ್ಬರ ಕಿವಿಗೆ ತಪ್ಪಿಯೂ ಹೋಗುತ್ತಿಲ್ಲ. ತಂತಿಯು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರವನ್ನು ನಾನು ಕಂಡುಕೊಂಡದ್ದು ಪುಸ್ತಕದಿಂದ ಮಾತ್ರವಲ್ಲ. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದಲೂ ಹೌದು.

ಹಲಸೂರು ಕೆರೆಗೆ ಹತ್ತಿರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಟೆಲಿಫೋನ್ ತಾತ ಎಂದೇ ಕರೆಯುವರು. ದೂರವಾಣಿನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ದುಡಿದು ನಿವೃತ್ತರಾದವರು. ತಂತಿಯ ತುದಿಯನ್ನು ಸುಲಿದು, ಬೆಸುಗೆ ಹಾಕಿ, ಎಳೆದು ನೋಡಿ, ಆಮೇಲೆಯೇ ಅದನ್ನು ನಂಬುವ ಸ್ವಭಾವ ಅವರದು. ವಯಸ್ಸಾದಂತೆ ಅವರ ಕಿವಿ ಮಂದವಾಗತೊಡಗಿತು. ಅವರ ಮಗಳು ಕೆನಡಾ ದೇಶದ ಟೊರೊಂಟೊ ನಗರದಲ್ಲಿದ್ದಾಳೆ. ಪ್ರತಿ ಭಾನುವಾರ ಸಂಜೆ ಕಂಪ್ಯೂಟರಿನ ತೆರೆಯ ಮೇಲೆ ಅವಳ ಮುಖ ಮೂಡುತ್ತದೆ. ಮಾತುಕತೆ ಆರಂಭವಾಗುತ್ತದೆ. ತಾತ ಎಲ್ಲದಕ್ಕೂ 'ಹೂಂ, ಹೂಂ' ಎನ್ನುತ್ತಾರೆ. ಕೇಳಿಸಿದವರು ಹೇಳುವ 'ಹೂಂ' ಬೇರೆ, ಕೇಳಿಸದವರು ಹೇಳುವ 'ಹೂಂ' ಬೇರೆ. ಮನೆಯವರಿಗೆ ಅದು ಬಹುಬೇಗ ತಿಳಿಯಿತು.

ಒಂದು ಭಾನುವಾರ ಮಗಳು, "ಅಪ್ಪಾ, ಸಕ್ಕರೆ ಎಷ್ಟಿದೆ?" ಎಂದು ಕೇಳಿದಳು. ರಕ್ತದಲ್ಲಿನ ಸಕ್ಕರೆಯ ಪ್ರಮಾಣವನ್ನು ಆ ವಾರ ಪರೀಕ್ಷೆ ಮಾಡಿಸಿದ್ದರು. ತಾತ ನಕ್ಕು, "ಅಕ್ಕರೆ ಎಷ್ಟಿದೆಯೆಂದು ಹೇಳಬೇಕೇನಮ್ಮಾ? ಇದ್ದೇ ಇದೆ" ಎಂದರು. ಮನೆಯಲ್ಲಿದ್ದವರೆಲ್ಲ ನಕ್ಕರು. ತೆರೆಯ ಮೇಲಿನ ಮಗಳು ಮಾತ್ರ ನಗಲಿಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಿದ್ದ ಪರಿಚಿತರೊಬ್ಬರ ಕೈಯಲ್ಲಿ ತಂದೆಗೆಂದು ಎರಡೂ ಕಿವಿಗಳನ್ನು ಮುಚ್ಚುವ, ತಂತಿಯಿಲ್ಲದ ಹೆಡ್‌ಫೋನೊಂದನ್ನು ಕಳುಹಿಸಿದಳು.

ಹೆಡ್‌ಫೋನು ಬಂತು. ತಾತ ಅದನ್ನು ತಲೆಗೇರಿಸಿ ಕಂಪ್ಯೂಟರಿನ ಮುಂದೆ ಕುಳಿತರು. ಯಾವ ಸದ್ದೂ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಆ ಹೆಡ್‌ಫೋನಿನ ಹೆಸರು ಕಾಣಲಿಲ್ಲ. ಕೆಟ್ಟಿದೆ ಎಂದು ತೀರ್ಮಾನವಾಯಿತು. ಮರುದಿನ ಸಂಜೆ ತಾತ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಶಿವಾಜಿನಗರಕ್ಕೆ ಹೋದರು. ನಾನೂ ಜೊತೆಯಲ್ಲಿದ್ದೆ. ರಸೆಲ್ ಮಾರುಕಟ್ಟೆಗೆ ಸಮೀಪದ ಗಲ್ಲಿಯೊಂದರಲ್ಲಿ ಬಾಗಿಲಿನಷ್ಟೇ ಅಗಲದ ರಿಪೇರಿ ಅಂಗಡಿ. ಅಂಗಡಿಯ ಯುವಕ ಹೆಡ್‌ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ತಿರುಪುಳಿಗೆ ಕೈಹಾಕಲಿಲ್ಲ.

"ಯಜಮಾನರೇ, ಇದನ್ನು ನಿಮಗಿಂತ ಮೊದಲು ಯಾರಾದರೂ ಬಳಸಿದ್ದಾರೆಯೆ?" ಎಂದು ಕೇಳಿದ.

ಮೊಮ್ಮಗಳು ತಲೆ ತಗ್ಗಿಸಿದಳು. ಹೆಡ್‌ಫೋನು ಬಂದ ರಾತ್ರಿಯೇ ತನ್ನ ಫೋನಿಗೆ ಅದನ್ನು ಜೋಡಿಸಿಕೊಂಡು ಹಾಡು ಕೇಳಿದ್ದಳು.

"ಹಾಗಾದರೆ ಇದು ಕೆಟ್ಟಿಲ್ಲ. ಇದಕ್ಕೆ ಈ ಮಗುವಿನ ಫೋನಿನ ಪರಿಚಯವಿದೆ, ನಿಮ್ಮ ಕಂಪ್ಯೂಟರಿನ ಪರಿಚಯವಿಲ್ಲ, ಅಷ್ಟೆ."

ಹುಡುಗಿಯ ಚೀಲದಲ್ಲಿದ್ದ ಫೋನಿನ ಬ್ಲೂಟೂತನ್ನು ಅವನು ಮೊದಲು ನಿಲ್ಲಿಸಿದ. ಹೆಡ್‌ಫೋನಿನ ಗುಂಡಿಯನ್ನು ಐದಾರು ಎಣಿಸುವವರೆಗೆ ಒತ್ತಿ ಹಿಡಿದ. ಒಂದು ಸಣ್ಣ ದೀಪವು ಕೆಂಪು, ನೀಲಿ ಎಂದು ಒಂದರ ಹಿಂದೆ ಒಂದು ಮಿನುಗತೊಡಗಿತು. ಅವನ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರಿನ ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರು ಮೂಡಿತು. ಹಣವನ್ನು ಕೊಡಹೋದರೆ, "ರಿಪೇರಿಯೇ ಮಾಡಿಲ್ಲವಲ್ಲ" ಎಂದು ನಿರಾಕರಿಸಿದ.

ಆ ಯುವಕನು ಬಳಸಿದ ಪರಿಚಯ ಎಂಬ ಮಾತು ಬಹಳ ಅರ್ಥವತ್ತಾದುದು. ತಂತಿಯಿರುವ ಸಾಧನಗಳಲ್ಲಿ ಪರಿಚಯದ ಪ್ರಶ್ನೆಯೇ ಇಲ್ಲ. ಯಾರು ತಂತಿಯನ್ನು ಸಿಕ್ಕಿಸುತ್ತಾರೋ ಅವರ ಧ್ವನಿಯನ್ನು ಅದು ಒಯ್ಯುತ್ತದೆ. ತಂತಿಯನ್ನು ತೆಗೆದುಹಾಕಿದೊಡನೆ, ಸುತ್ತಲಿನ ನೂರು ಯಂತ್ರಗಳಲ್ಲಿ ತನ್ನವನು ಯಾರು ಎಂಬುದನ್ನು ಹೆಡ್‌ಫೋನು ತಾನೇ ಅರಿಯಬೇಕಾಗುತ್ತದೆ. ಆದ್ದರಿಂದ ಮೊದಲ ಬಾರಿಗೆ ಎರಡು ಯಂತ್ರಗಳನ್ನೂ ಎದುರುಬದುರಾಗಿ ನಿಲ್ಲಿಸಿ ಪರಿಚಯ ಮಾಡಿಸಬೇಕು. ಇದನ್ನು 'ಪೇರ್ ಮಾಡುವುದು' ಎನ್ನುವರು. ದೀಪವು ಮಿನುಗುತ್ತಿರುವಾಗ ಹೆಡ್‌ಫೋನು 'ನಾನಿಲ್ಲಿದ್ದೇನೆ, ಹೊಸಬರನ್ನು ಪರಿಚಯ ಮಾಡಿಕೊಳ್ಳಲು ಸಿದ್ಧನಿದ್ದೇನೆ' ಎಂದು ಸಾರುತ್ತಿರುತ್ತದೆ. ಫೋನಿನಲ್ಲಿಯಾಗಲಿ ಕಂಪ್ಯೂಟರಿನಲ್ಲಿಯಾಗಲಿ ಬ್ಲೂಟೂತ್ ಎಂಬ ಭಾಗವನ್ನು ತೆರೆದು, ಅಲ್ಲಿ ಕಾಣುವ ಹೆಸರನ್ನು ಮುಟ್ಟಿದರೆ ಪರಿಚಯವಾಗುತ್ತದೆ. ಆಗ ಎರಡೂ ಯಂತ್ರಗಳು ಕೆಲವು ಸಂಖ್ಯೆಗಳನ್ನು ಪರಸ್ಪರ ಕಳುಹಿಸಿಕೊಂಡು, ಅವುಗಳಿಂದ ಒಂದು ಗುಟ್ಟಿನ ಸಂಖ್ಯೆಯನ್ನು ತಮ್ಮತಮ್ಮಲ್ಲಿಯೇ ಲೆಕ್ಕ ಹಾಕಿಕೊಳ್ಳುತ್ತವೆ. ವಿಸ್ಮಯದ ಸಂಗತಿಯೆಂದರೆ, ಆ ಗುಟ್ಟಿನ ಸಂಖ್ಯೆಯನ್ನು ಗಾಳಿಯಲ್ಲಿ ಒಮ್ಮೆಯೂ ಉಚ್ಚರಿಸುವುದಿಲ್ಲ. ಆದರೂ ಎರಡರ ಉತ್ತರವೂ ಒಂದೇ ಆಗಿರುತ್ತದೆ. 2007ರಲ್ಲಿ ಬಂದ ಈ ಕ್ರಮದ ಹಿಂದಿರುವ ಗಣಿತವನ್ನು ನೀವು ಕಾಲೇಜಿನಲ್ಲಿ ಕಲಿಯಬಹುದು. ಎರಡು ಫೋನುಗಳನ್ನು ಜೋಡಿಸುವಾಗ ಎರಡರ ತೆರೆಗಳ ಮೇಲೂ ಆರು ಅಂಕಿಗಳ ಒಂದೇ ಸಂಖ್ಯೆ ಕಾಣುವುದಲ್ಲವೆ? ನಡುವೆ ಮೂರನೆಯವನು ನುಸುಳಿಲ್ಲವೆಂಬುದನ್ನು ನಾವು ಕಣ್ಣಾರೆ ನೋಡಿ ಒಪ್ಪಲೆಂದು ಅದು ಕಾಣುತ್ತದೆ. ತೆರೆಯಿಲ್ಲದ ಹೆಡ್‌ಫೋನಿಗೆ ಈ ಅನುಕೂಲವಿಲ್ಲ. ಅದರ ಗುಂಡಿಯನ್ನು ಒತ್ತಿದವರು ಅದರ ಒಡೆಯರೇ ಇರಬೇಕೆಂದು ಅದು ನಂಬುತ್ತದೆ.

ಒಮ್ಮೆ ಪರಿಚಯವಾದ ಮೇಲೆ ಗುಟ್ಟಿನ ಸಂಖ್ಯೆಯು ಎರಡರ ನೆನಪಿನಲ್ಲಿಯೂ ಉಳಿಯುತ್ತದೆ. ಮುಂದೆ ಹೆಡ್‌ಫೋನನ್ನು ಚಾಲೂ ಮಾಡಿದಾಗಲೆಲ್ಲ ಅದು ಹೊಸಬರನ್ನು ಹುಡುಕುವುದಿಲ್ಲ. ಹಳೆಯ ಸ್ನೇಹಿತರು ಹತ್ತಿರದಲ್ಲಿದ್ದಾರೆಯೆ ಎಂದು ನೋಡಿ, ಸಿಕ್ಕೊಡನೆ ಅವರ ಕೈಹಿಡಿಯುತ್ತದೆ. ತಾತನ ಮನೆಯಲ್ಲಿ ಆದದ್ದು ಇದೇ. ಪಕ್ಕದ ಕೋಣೆಯಲ್ಲಿದ್ದ ಮೊಮ್ಮಗಳ ಫೋನಿನ ಕೈಯನ್ನು ಅದು ಪ್ರತಿ ಬಾರಿಯೂ ಹಿಡಿದುಬಿಡುತ್ತಿತ್ತು. ತಂತಿಯಿಲ್ಲದ ಸಾಧನಗಳು 'ಕೆಟ್ಟಿವೆ' ಎಂದು ನಾವು ದೂರುವ ಸಂದರ್ಭಗಳಲ್ಲಿ ಬಹುಪಾಲು ಇಂಥವೇ ಎಂದು ನನ್ನ ಅನುಭವ. ಕೆಲವೊಮ್ಮೆ ಒಂದು ಕಡೆಯ ನೆನಪು ಅಳಿದು ಇನ್ನೊಂದು ಕಡೆಯದು ಉಳಿದಿರುತ್ತದೆ. ಹೆಸರೇನೋ ಪಟ್ಟಿಯಲ್ಲಿರುತ್ತದೆ, ಸಂಬಂಧ ಮಾತ್ರ ಕೂಡುವುದಿಲ್ಲ. ಆಗ ಎರಡೂ ಕಡೆಯ ಹಳೆಯ ನೆನಪನ್ನು ಅಳಿಸಿ, ಹೊಸದಾಗಿ ಪರಿಚಯ ಮಾಡಿಸುವುದೇ ಮದ್ದು.

ಹಾಗಾದರೆ ಪರಿಚಯವಾದ ಮೇಲೆ ಇವು ಮಾತನಾಡುವುದು ಹೇಗೆ? ರೇಡಿಯೋ ಅಲೆಗಳ ಮೂಲಕ. ಆಕಾಶವಾಣಿಯ ಬೆಂಗಳೂರು ಕೇಂದ್ರದ ಮಧ್ಯಮ ತರಂಗದ ಪ್ರಸಾರವು 612 ಕಿಲೋಹರ್ಟ್ಸ್ ಎಂಬುದು ದಶಕಗಳ ಕಾಲ ಕೇಳುಗರಿಗೆ ಬಾಯಿಪಾಠವಾಗಿತ್ತು. ಅದರ ಒಂದೊಂದು ಅಲೆಯ ಉದ್ದ ಸುಮಾರು 490 ಮೀಟರು. ಪ್ರೇಷಕಯಂತ್ರದ ಶಕ್ತಿ 200 ಕಿಲೋವಾಟು, ಎಂದರೆ ಎರಡು ಲಕ್ಷ ವಾಟು. ಬ್ಲೂಟೂತಿನ ಅಲೆಗಳು 2,400 ಮೆಗಾಹರ್ಟ್ಸಿನ ಆಸುಪಾಸಿನವು. ಒಂದು ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರು, ಅರ್ಧ ಗೇಣಿನಷ್ಟು. ಸಾಮಾನ್ಯವಾಗಿ ಹತ್ತು ಮೀಟರು ದೂರಕ್ಕೆಂದು ಮಾಡಿದ ಸಾಧನದ ಶಕ್ತಿ 2.5 ಮಿಲಿವಾಟು ಮಾತ್ರ. ಒಂದು ವಾಟಿನ ನಾನೂರರಲ್ಲಿ ಒಂದು ಪಾಲು! ಆಕಾಶವಾಣಿಯದು ಊರಿಗೆಲ್ಲ ಸಾರುವ ಡಂಗುರವಾದರೆ, ಇದು ಕಿವಿಯಲ್ಲಿ ಹೇಳುವ ಪಿಸುಮಾತು.

ಇಷ್ಟು ಕ್ಷೀಣವಾದ ಅಲೆಯನ್ನು ನಮ್ಮ ದೇಹವೇ ತಡೆಯಬಲ್ಲದು. ದೇಹದಲ್ಲಿ ನೀರಿನ ಅಂಶ ಹೆಚ್ಚು. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಫೋನನ್ನು ಹಿಂದಿನ ಜೇಬಿನಲ್ಲಿಟ್ಟುಕೊಂಡು ನಡೆಯುವಾಗ ಹಾಡು ತುಂಡುತುಂಡಾದರೆ, ಮುಂದಿನ ಜೇಬಿಗೆ ಬದಲಿಸಿ ನೋಡಿರಿ. ಹಾಡು ಸರಿಹೋದರೆ, ನಡುವೆ ಅಡ್ಡ ನಿಂತಿದ್ದವರು ನೀವೇ ಎಂದು ತಿಳಿಯಬಹುದು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 2,400 ಮೆಗಾಹರ್ಟ್ಸಿನ ಈ ಪಟ್ಟಿಯು ಯಾರೊಬ್ಬರ ಸ್ವತ್ತೂ ಅಲ್ಲ. ಹಿಂದೆ ನಮ್ಮ ದೇಶದಲ್ಲಿ ಮನೆಯಲ್ಲಿ ಒಂದು ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸು ಬೇಕಾಗಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡದ್ದನ್ನು ತಾತ ಇಂದಿಗೂ ಹೇಳುತ್ತಾರೆ. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. 2005ರಲ್ಲಿ ಭಾರತ ಸರಕಾರವು ನಿಯಮವೊಂದನ್ನು ಹೊರಡಿಸಿ, 2,400ರಿಂದ 2,483.5 ಮೆಗಾಹರ್ಟ್ಸಿನವರೆಗಿನ ಪಟ್ಟಿಯಲ್ಲಿ ಅಲ್ಪಶಕ್ತಿಯ ಸಾಧನಗಳಿಗೆ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ಹೀಗಾಗಿ ಇದು ಎಲ್ಲರೂ ಓಡಾಡುವ ಬಯಲು. ವೈಫೈ ಇಲ್ಲಿದೆ, ಆಹಾರವನ್ನು ಬಿಸಿಮಾಡುವ ಮೈಕ್ರೋವೇವ್ ಒಲೆಯೂ 2,450 ಮೆಗಾಹರ್ಟ್ಸಿನಲ್ಲಿಯೇ ಕೆಲಸಮಾಡುತ್ತದೆ, ನೆರೆಮನೆಯವರ ಹೆಡ್‌ಫೋನುಗಳೂ ಇಲ್ಲಿಯೇ ಇವೆ. ಇಂಥ ಸಂತೆಯಲ್ಲಿ ಪಿಸುಮಾತು ಕೇಳಿಸುವುದೆಂತು?

ಭಾನುವಾರದ ಬೆಳಗ್ಗೆ ರಸೆಲ್ ಮಾರುಕಟ್ಟೆಯನ್ನು ಕಲ್ಪಿಸಿಕೊಳ್ಳಿರಿ. ಮೀನಿನವರು, ಹಣ್ಣಿನವರು, ಹೂವಿನವರು ಕೂಗುತ್ತಿದ್ದಾರೆ. ಇಬ್ಬರು ಗೆಳೆಯರು ಗುಟ್ಟಾಗಿ ಮಾತನಾಡಬೇಕು. ಒಂದೇ ಕಡೆ ನಿಂತರೆ ಅಲ್ಲಿನ ಗದ್ದಲದಲ್ಲಿ ಮಾತು ಮುಳುಗುತ್ತದೆ, ಅಥವಾ ಪಕ್ಕದವನ ಕಿವಿಗೆ ಬೀಳುತ್ತದೆ. ಆದ್ದರಿಂದ ಅವರು ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಒಂದೊಂದು ಮಾತನ್ನು ಒಂದೊಂದು ಕಂಬದ ಬಳಿ ಆಡುತ್ತಾ ಹೋಗುತ್ತಾರೆ. ಒಂದು ಕಂಬದ ಬಳಿ ಗದ್ದಲವಿದ್ದು ಮಾತು ಕೇಳದಿದ್ದರೆ ಮುಂದಿನ ಕಂಬದ ಬಳಿ ಅದನ್ನೇ ಮತ್ತೆ ಹೇಳುತ್ತಾರೆ. ಕ್ರಮವನ್ನು ತಿಳಿಯದವನು ಅವರ ಹಿಂದೆ ಹೋಗಲಾರ. ಬ್ಲೂಟೂತಿನ ಕ್ರಮವೂ ಹೀಗೆಯೇ. ಹಾಡನ್ನು ಒಯ್ಯುವ ಬಗೆಯಲ್ಲಿ, ಇರುವ ಬಯಲನ್ನು 79 ಓಣಿಗಳಾಗಿ ವಿಂಗಡಿಸಲಾಗಿದೆ. ಎರಡೂ ಸಾಧನಗಳು ಒಂದೇ ಗಡಿಯಾರದ ತಾಳಕ್ಕೆ, ಒಂದೇ ಕ್ರಮದಲ್ಲಿ, ಓಣಿಯಿಂದ ಓಣಿಗೆ ಸೆಕೆಂಡಿಗೆ 1,600 ಬಾರಿಯವರೆಗೆ ಜಿಗಿಯುತ್ತವೆ. ಕುಂಟೆಬಿಲ್ಲೆಯಾಡುವ ಇಬ್ಬರು ಹುಡುಗಿಯರು ಕೈಹಿಡಿದುಕೊಂಡೇ ಮನೆಯಿಂದ ಮನೆಗೆ ಕುಪ್ಪಳಿಸಿದಂತೆ! ಈ ಜಿಗಿತದ ಕ್ರಮವನ್ನು ನಿರ್ಧರಿಸುವವನು ಇಬ್ಬರಲ್ಲಿ ಒಬ್ಬ, ಸಾಮಾನ್ಯವಾಗಿ ಫೋನು ಅಥವಾ ಕಂಪ್ಯೂಟರು. 2003ರಿಂದೀಚಿನ ಸಾಧನಗಳು ವೈಫೈಯಿಂದ ಗಿಜಿಗುಟ್ಟುವ ಓಣಿಗಳನ್ನು ಗುರುತಿಸಿ ಅವನ್ನು ತಪ್ಪಿಸಿ ಜಿಗಿಯಲೂ ಕಲಿತಿವೆ. ಮೆಟ್ರೋ ಡಬ್ಬಿಯ ಐವತ್ತು ಮಂದಿಯ ಸಂಗೀತ ಬೆರೆಯದಿರುವುದಕ್ಕೆ ಇದೇ ಕಾರಣ. ಪ್ರತಿಯೊಂದು ಜೋಡಿಯ ಕುಣಿತವೂ ಬೇರೆ.

ಜಿಗಿಯುತ್ತಾ ಮಾತನಾಡುವ ಈ ಉಪಾಯಕ್ಕೆ ಒಂದು ಸ್ವಾರಸ್ಯವಾದ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಹೆಡಿ ಲಮಾರ್ ಎಂಬ ಚಲನಚಿತ್ರ ನಟಿಯೂ ಜಾರ್ಜ್ ಆಂಟೈಲ್ ಎಂಬ ಸಂಗೀತ ರಚನಕಾರನೂ ಸೇರಿ ಅಮೆರಿಕದಲ್ಲಿ ಒಂದು ಪೇಟೆಂಟನ್ನು ಪಡೆದರು. ಸಮುದ್ರದೊಳಗಿನ ಟಾರ್ಪಿಡೋ ಅಸ್ತ್ರವನ್ನು ರೇಡಿಯೋ ಮೂಲಕ ನಡೆಸುವಾಗ ಶತ್ರುಗಳು ಅಡ್ಡಿಪಡಿಸದಂತೆ ಅಲೆಯ ಕಂಪನವನ್ನು ಬದಲಾಯಿಸುತ್ತಾ ಹೋಗುವುದು ಅವರ ಆಲೋಚನೆ. ಪಿಯಾನೋದಲ್ಲಿ 88 ಕೀಲಿಗಳಿರುವಂತೆ ಅವರೂ 88 ಕಂಪನಗಳನ್ನು ಸೂಚಿಸಿದ್ದರು. ಯುದ್ಧಕಾಲದಲ್ಲಿ ಅದು ಬಳಕೆಗೆ ಬರಲಿಲ್ಲ. ಬ್ಲೂಟೂತಿನ ಕೆಲಸವು ಆರಂಭವಾದದ್ದು ಸ್ವೀಡನ್ ದೇಶದ ಲುಂಡ್ ನಗರದಲ್ಲಿ, ಎರಿಕ್ಸನ್ ಸಂಸ್ಥೆಯಲ್ಲಿ, 1994ರಲ್ಲಿ. ಯಾಪ್ ಹಾರ್ಟ್‌ಸೆನ್, ಸ್ವೆನ್ ಮ್ಯಾಟಿಸನ್ ಎಂಬವರು ಇದರಲ್ಲಿ ಪ್ರಮುಖರು. 1998ರಲ್ಲಿ ಐದು ಸಂಸ್ಥೆಗಳು ಕೂಡಿ ಒಂದು ಒಕ್ಕೂಟವನ್ನು ರಚಿಸಿದವು. ಡೆನ್ಮಾರ್ಕ್ ಮತ್ತು ನಾರ್ವೆಗಳನ್ನು ಒಂದುಗೂಡಿಸಿದ ಹತ್ತನೆಯ ಶತಮಾನದ ದೊರೆ ಹೆರಾಲ್ಡನಿಗೆ 'ನೀಲಿ ಹಲ್ಲಿನವನು' ಎಂಬ ಅಡ್ಡಹೆಸರಿತ್ತು. ಬೇರೆಬೇರೆ ಯಂತ್ರಗಳನ್ನು ಒಂದುಗೂಡಿಸುವ ಈ ಕ್ರಮಕ್ಕೆ ಸದ್ಯಕ್ಕೆಂದು ಅವನ ಹೆಸರನ್ನಿಟ್ಟರು. ಸದ್ಯಕ್ಕೆಂದು ಇಟ್ಟ ಹೆಸರೇ ಕಾಯಂ ಆಯಿತು. ಫೋನಿನ ತೆರೆಯ ಮೇಲೆ ನೀವು ಕಾಣುವ ಚಿಹ್ನೆಯು ಆ ದೊರೆಯ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ಉತ್ತರ ಯೂರೋಪಿನ ಲಿಪಿಯಲ್ಲಿ ಬರೆದು ಕೂಡಿಸಿದ್ದು.

ಮತ್ತೆ ತಾತನ ಮನೆಗೆ ಬರೋಣ. ಶಿವಾಜಿನಗರದಿಂದ ಬಂದ ಮೇಲೆ ಮೊಮ್ಮಗಳು ಹೆಡ್‌ಫೋನನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸಿದಳು. ಪರೀಕ್ಷೆಗೆಂದು ಒಂದು ಹಾಡನ್ನು ಹಾಕಿದಳು. ತಾತನ ಮುಖ ಅರಳಿತು. ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳುತ್ತಿದೆ ಎಂದರು. ಭಾನುವಾರ ಬಂತು. ಟೊರೊಂಟೊದಿಂದ ಮಗಳ ಕರೆ ಬಂದೊಡನೆ, ಅದೇ ಹೆಡ್‌ಫೋನು, ಅದೇ ಕಂಪ್ಯೂಟರು, ಆದರೆ ಧ್ವನಿ ಮಾತ್ರ ಮಡಕೆಯೊಳಗಿಂದ ಬಂದಂತೆ ಮಸುಕಾಯಿತು. ಮಗಳ ಮಾತು ಮೊದಲಿನಂತೆಯೇ ಅರ್ಧಂಬರ್ಧ. ಮೊಮ್ಮಗಳು ಕಂಗಾಲಾದಳು. ತಾತ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೇಳಿ, "ಈ ಧ್ವನಿಯನ್ನು ನಾನು ಬಲ್ಲೆ. ಇದು ನಮ್ಮ ಹಳೆಯ ದೂರವಾಣಿಯ ಧ್ವನಿ" ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಹಳೆಯ ದೂರವಾಣಿಯು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಒಯ್ಯುತ್ತಿತ್ತು. ಮಾತು ತಿಳಿಯಲು ಅಷ್ಟು ಸಾಕು, ಅದಕ್ಕಿಂತ ಹೆಚ್ಚನ್ನು ಒಯ್ದರೆ ಖರ್ಚು ಹೆಚ್ಚು ಎಂದು ಅಂದಿನ ಎಂಜಿನಿಯರುಗಳು ಎಣಿಸಿದ್ದರು. ಬ್ಲೂಟೂತ್ ಹೆಡ್‌ಫೋನಿಗೆ ಎರಡು ಬಗೆಯ ನಡೆಯುಂಟು. ಹಾಡು ಕೇಳುವಾಗ ಧ್ವನಿಯು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸಂಗೀತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಮಾರ್ಪಡಿಸಿರುತ್ತಾರೆ. ಎರಡು ಕಿವಿಗಳಿಗೂ ಸೇರಿ ಅದು ಸೆಕೆಂಡಿಗೆ ಹದಿನಾಲ್ಕು ಲಕ್ಷ ಬಿಟ್‌ಗಳಾಗುತ್ತದೆ. ಮೊದಲ ಬ್ಲೂಟೂತಿನ ಒಟ್ಟು ಸಾಮರ್ಥ್ಯವೇ ಹತ್ತು ಲಕ್ಷ. ಆದ್ದರಿಂದ ನಮ್ಮ ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಕೈಬಿಟ್ಟು, ಸುಮಾರು ಮೂರು ಲಕ್ಷಕ್ಕೆ ಅದನ್ನು ಒತ್ತಿ ಕಳುಹಿಸುತ್ತಾರೆ. ಹಾಗೆ ಮಾಡಿಯೂ ತಂಬೂರಿ ಸೊಗಸಾಗಿಯೇ ಕೇಳುತ್ತದೆ.

ಹೆಡ್‌ಫೋನಿನಲ್ಲಿ ಒಂದು ಸಣ್ಣ ಮೈಕೂ ಇದೆ. ಕರೆ ಬಂದೊಡನೆ ಕಂಪ್ಯೂಟರು ಆ ಮೈಕನ್ನು ಬಳಸತೊಡಗುತ್ತದೆ. ಆಗ ಧ್ವನಿಯು ಎರಡು ದಿಕ್ಕಿಗೂ ಏಕಕಾಲದಲ್ಲಿ, ತಡವಿಲ್ಲದೆ ಹರಿಯಬೇಕು. ಅದಕ್ಕಾಗಿ ಹೆಡ್‌ಫೋನು ಹಾಡಿನ ನಡೆಯನ್ನು ಬಿಟ್ಟು ಮಾತಿನ ನಡೆಗೆ ಬದಲಾಗುತ್ತದೆ. ಹಳೆಯ ಕ್ರಮದಲ್ಲಿ ಈ ನಡೆಗೆ ದಿಕ್ಕಿಗೆ 64,000 ಬಿಟ್‌ಗಳು ಮಾತ್ರ. ಧ್ವನಿಯನ್ನು ಅಳೆಯುವುದು ಸೆಕೆಂಡಿಗೆ 8,000 ಬಾರಿ. ಎಷ್ಟು ಬಾರಿ ಅಳೆಯುತ್ತೇವೋ ಅದರ ಅರ್ಧದಷ್ಟು ಕಂಪನಗಳನ್ನು ಮಾತ್ರ ಹಿಡಿಯಲು ಸಾಧ್ಯವೆಂಬುದು ಗಣಿತದ ನಿಯಮ. ಎಂದರೆ 4,000ಕ್ಕಿಂತ ಮೇಲಿನದೆಲ್ಲ ಹೊರಗೆ. ತಾತನ ಕಾರ್ಖಾನೆಯ ದೂರವಾಣಿಯ ಅಳತೆಯೇ ಮರಳಿ ಬಂದಿತ್ತು!

ಈಗ ಸಕ್ಕರೆಯು ಅಕ್ಕರೆಯಾದುದರ ಕಾರಣವೂ ತಿಳಿಯುತ್ತದೆ. ಸ್ವರಗಳ ಶಕ್ತಿಯೆಲ್ಲ ಕೆಳಗಿನ ಕಂಪನಗಳಲ್ಲಿದೆ. 'ಸ' ಎಂಬ ವ್ಯಂಜನವೋ ಹಲ್ಲುಗಳ ನಡುವೆ ಗಾಳಿ ಸೀಳಿ ಹುಟ್ಟುವ ಧ್ವನಿ. ಅದರ ಬಹುಪಾಲು ಶಕ್ತಿ 4,000 ಕಂಪನಗಳಿಗಿಂತ ಮೇಲಿದೆ. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗೆ ಧ್ವನಿಯನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಬಾಗಿಲ ಬಳಿಯ ಕೋಶಗಳು ಎತ್ತರದ ಧ್ವನಿಯನ್ನೂ ಸುರುಳಿಯ ಒಳತುದಿಯವು ತಗ್ಗಿನ ಧ್ವನಿಯನ್ನೂ ಗ್ರಹಿಸುತ್ತವೆ. ವಯಸ್ಸಾದಂತೆ ಮೊದಲು ಸವೆಯುವವು ಬಾಗಿಲ ಬಳಿಯವೇ. ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ಅತಿಯಾದ ಸದ್ದಿನಿಂದ ಎಳೆಯ ವಯಸ್ಸಿನಲ್ಲಿಯೂ ಅವು ನಾಶವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ನಷ್ಟು ಸದ್ದು ಮಿತಿಯೆಂದು ಹೇಳಿದೆ. ಸದ್ದು ಹೆಚ್ಚಿದಷ್ಟೂ ಈ ಅವಧಿ ಬೇಗ ಕುಗ್ಗುತ್ತದೆ. ತಾತನಂಥವರ ಕಿವಿಯಲ್ಲಿ 'ಸ'ಕಾರವು ಮೊದಲೇ ಕ್ಷೀಣವಾಗಿತ್ತು. ಉಳಿದಿದ್ದ ಅಷ್ಟನ್ನೂ ಮಾತಿನ ನಡೆಯು ಕತ್ತರಿಸಿಹಾಕುತ್ತಿತ್ತು. ಸಕ್ಕರೆಯಿಂದ 'ಸ್' ಎಂಬುದನ್ನು ತೆಗೆದರೆ ಉಳಿಯುವುದೇನು?

ಪರಿಹಾರವನ್ನು ಕಂಡುಕೊಂಡವಳು ಮೊಮ್ಮಗಳು. ಹಾಡಿಗೆ ಚೆನ್ನಾಗಿದ್ದದ್ದು ಕರೆಗೆ ಏಕೆ ಕೆಡುತ್ತದೆ ಎಂದು ಯೋಚಿಸಿ, ಎರಡಕ್ಕೂ ಇರುವ ವ್ಯತ್ಯಾಸ ಮೈಕು ಒಂದೇ ಎಂದು ಊಹಿಸಿದಳು. ಕರೆಯ ಆಯ್ಕೆಗಳನ್ನು ತೆರೆದು ನೋಡಿದಳು. ಅಲ್ಲಿ ಕೇಳುವುದಕ್ಕೆ ಬೇರೆ, ಮಾತನಾಡುವುದಕ್ಕೆ ಬೇರೆ ಸಾಧನವನ್ನು ಆರಿಸಲು ಅವಕಾಶವಿತ್ತು. ಹೆಡ್‌ಫೋನಿನ ಹೆಸರು ಪಟ್ಟಿಯಲ್ಲಿ ಎರಡು ಬಾರಿ ಕಾಣುತ್ತಿತ್ತು. ಒಂದು ಹಾಡಿನ ನಡೆ, ಇನ್ನೊಂದು ಮಾತಿನ ನಡೆ. ಕಂಪ್ಯೂಟರುಗಳಲ್ಲಿ ಹೀಗೆ ಕಾಣುವುದುಂಟು. ಅವಳು ಕೇಳುವುದಕ್ಕೆ ಹೆಡ್‌ಫೋನಿನ ಮೊದಲನೆಯದನ್ನೂ ಮಾತನಾಡುವುದಕ್ಕೆ ಕಂಪ್ಯೂಟರಿನಲ್ಲಿಯೇ ಇರುವ ಮೈಕನ್ನೂ ಆರಿಸಿದಳು. ಹೆಡ್‌ಫೋನಿನ ಮೈಕಿಗೆ ಕೆಲಸವಿಲ್ಲದಾಯಿತು. ಅದು ಹಾಡಿನ ನಡೆಯಲ್ಲಿಯೇ ಉಳಿಯಿತು. ತಾತ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

ಈ ಉಪಾಯವು ಎಲ್ಲ ಸಾಧನಗಳಿಗೂ ಬೇಕಾಗುವುದಿಲ್ಲ. ಈಚಿನ ಅನೇಕ ಹೆಡ್‌ಫೋನುಗಳು ಮಾತಿನ ನಡೆಯಲ್ಲಿಯೂ ಧ್ವನಿಯನ್ನು ಸೆಕೆಂಡಿಗೆ 16,000 ಬಾರಿ ಅಳೆಯುತ್ತವೆ. 2020ರಲ್ಲಿ ಪ್ರಕಟವಾದ ಹೊಸ ಕ್ರಮವು ಕಡಮೆ ಶಕ್ತಿಯಲ್ಲಿ ಇನ್ನೂ ಶುದ್ಧವಾದ ಧ್ವನಿಯನ್ನು ಒಯ್ಯಬಲ್ಲದು. ಕಿವುಡರ ಶ್ರವಣಯಂತ್ರಗಳನ್ನು ದೃಷ್ಟಿಯಲ್ಲಿಟ್ಟುಕೊಂಡೇ ಅದನ್ನು ರೂಪಿಸಿದ್ದಾರೆ. ಸಭಾಂಗಣದಲ್ಲಿನ ಒಂದು ಮೈಕಿನ ಧ್ವನಿಯನ್ನು ಅಲ್ಲಿರುವ ಎಷ್ಟು ಮಂದಿಯ ಕಿವಿಗಾದರೂ ಏಕಕಾಲಕ್ಕೆ ತಲಪಿಸುವ ಅನುಕೂಲವೂ ಅದರಲ್ಲಿದೆ. ಇಷ್ಟಾದರೂ ಹೆಡ್‌ಫೋನು ಶ್ರವಣಯಂತ್ರವಲ್ಲ. ಯಾವ ಕಂಪನದಲ್ಲಿ ಎಷ್ಟು ಕಿವುಡಿದೆ ಎಂದು ಅಳೆದು, ಅಲ್ಲಿ ಮಾತ್ರ ಧ್ವನಿಯನ್ನು ಏರಿಸುವುದು ಶ್ರವಣಯಂತ್ರದ ಕೆಲಸ. ತಾತನನ್ನು ಹೆಣ್ಣೂರು ರಸ್ತೆಯ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಪರೀಕ್ಷೆ ಮಾಡಿಸಬೇಕೆಂದು ಮನೆಯವರು ನಿಶ್ಚಯಿಸಿದ್ದಾರೆ.

ಸ್ಪೀಕರಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಅದನ್ನು ಜೋಡಿಸುವ ಕ್ರಮವು ಹೆಡ್‌ಫೋನಿನದೇ. ಹೆಡ್‌ಫೋನು ತಪ್ಪು ಫೋನಿನ ಕೈಹಿಡಿದರೆ ಒಬ್ಬರಿಗೆ ತೊಂದರೆ. ಸ್ಪೀಕರು ಹಾಗೆ ಮಾಡಿದರೆ ಊರಿಗೆಲ್ಲ ತಿಳಿಯುತ್ತದೆ. ಮಹಡಿಯ ಮೇಲೆ ಮಹಡಿ ಕಟ್ಟಿದ ಇಂದಿರಾನಗರದ ಮನೆಗಳಲ್ಲಿ, ದೀಪ ಮಿನುಗುತ್ತಲೇ ಬಿಟ್ಟ ಸ್ಪೀಕರಿಗೆ ಮೇಲಿನ ಮನೆಯವರ ಫೋನು ಅರಿಯದೆ ಜೋಡಿಯಾಗಿ, ಸುಪ್ರಭಾತದ ಹೊತ್ತಿನಲ್ಲಿ ಕ್ರಿಕೆಟ್ ವೀಕ್ಷಕವಿವರಣೆ ಮೊಳಗುವುದು ಅಸಂಭವವೇನಲ್ಲ. ಇನ್ನು, ಸ್ಪೀಕರಿನಲ್ಲಾಗಲಿ ಹೆಡ್‌ಫೋನಿನಲ್ಲಾಗಲಿ ಚಿತ್ರದ ತುಟಿಗೂ ಧ್ವನಿಗೂ ತಾಳ ತಪ್ಪುವುದುಂಟು. ದೂರದಲ್ಲಿ ಮಡಿವಾಳರು ಬಟ್ಟೆಯನ್ನು ಕಲ್ಲಿಗೆ ಬಡಿಯುವುದು ಮೊದಲು ಕಂಡು, ಸದ್ದು ಆಮೇಲೆ ಕೇಳುವುದನ್ನು ನೀವು ಬಲ್ಲಿರಿ. ಧ್ವನಿಯನ್ನು ಒತ್ತಿ, ಕಳುಹಿಸಿ, ಬಿಡಿಸಲು ಬ್ಲೂಟೂತಿಗೆ ಸೆಕೆಂಡಿನ ಹತ್ತನೆಯ ಒಂದೆರಡು ಪಾಲು ಬೇಕು. ಅರವತ್ತು ಮೀಟರು ದೂರದ ಬಡಿತದಷ್ಟೇ ತಡ. ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸಿ ಫೋನುಗಳು ಈ ವ್ಯತ್ಯಾಸವನ್ನು ಮರೆಸಲು ಯತ್ನಿಸುತ್ತವೆ.

ಅಂದಿನ ಭಾನುವಾರ ಟೊರೊಂಟೊದಿಂದ ಮಗಳು ಎರಡನೆಯ ಬಾರಿ ಮಾತು ತೆಗೆದಳು. "ಅಪ್ಪಾ, ಈಗ ಕೇಳಿಸುತ್ತಿದೆಯೆ? ಸಕ್ಕರೆ ಎಷ್ಟಿದೆ?"

"ಊಟಕ್ಕೆ ಮೊದಲು ನೂರ ನಲವತ್ತೆರಡು" ಎಂದು ತಾತ ಥಟ್ಟನೆ ನುಡಿದರು.

ಮಗಳ ಮುಖ ಒಮ್ಮೆ ಬೆಳಗಿತು, ಮರುಕ್ಷಣವೇ ಗಂಟಿಕ್ಕಿತು. "ಅಷ್ಟೊಂದೆ? ಹಬ್ಬದಲ್ಲಿ ಎಷ್ಟು ಹೋಳಿಗೆ ತಿಂದಿರಿ, ನಿಜ ಹೇಳಿ" ಎಂದಳು.

ತಾತ ಹೆಡ್‌ಫೋನನ್ನು ಮೆಲ್ಲಗೆ ಕಿವಿಯಿಂದ ಸರಿಸಿ, ಮೊಮ್ಮಗಳತ್ತ ತಿರುಗಿ, "ಪುಟ್ಟೀ, ಮತ್ತೆ ಸಂಬಂಧ ಕಡಿದಂತಿದೆ ನೋಡು" ಎಂದರು.